ಹಳೆಯ ಹಾಡಿನ ಬೆಲೆ

ಸಂಗೀತದ ವಿಷಯದಲ್ಲಿ ಮನುಷ್ಯನಿಗೆ ಮುಪ್ಪು ಬಹಳ ಬೇಗ ಬರುತ್ತದೆ. ಕಣ್ಣಿಗೆ ಚಾಳೀಸು ಬರುವುದು ನಾಲ್ವತ್ತಕ್ಕಾದರೆ ಕಿವಿಗೆ ಮೂವತ್ತಕ್ಕೇ ಬಂದುಬಿಡುತ್ತದೆ. ಅಲ್ಲಿಯವರೆಗೆ ಕೇಳಿದ್ದು ಸಂಗೀತ, ಅನಂತರ ಬಂದದ್ದು ಗದ್ದಲ ಎಂದು ತೀರ್ಪು ಕೊಟ್ಟು, ಉಳಿದ ಆಯುಷ್ಯವನ್ನೆಲ್ಲ ಆ ತೀರ್ಪನ್ನು ಸಾರುವುದರಲ್ಲಿಯೇ ಕಳೆಯುವ ಜನ ಎಲ್ಲ ಊರುಗಳಲ್ಲಿಯೂ ಇದ್ದಾರೆ. ನಮ್ಮ ಗದಗ-ಬೆಟಗೇರಿಯಲ್ಲಿ ಅವರ ಸಂಖ್ಯೆ ತುಸು ಹೆಚ್ಚು. ಅದಕ್ಕೆ ಕಾರಣವೂ ಇದೆ. ಪಂಚಾಕ್ಷರಿ ಗವಾಯಿಗಳು ತಮ್ಮ ಸಂಚಾರವನ್ನೆಲ್ಲ ಮುಗಿಸಿ ನೆಲೆನಿಂತ ಊರು ಇದು. ಪುಟ್ಟರಾಜ ಗವಾಯಿಗಳು 2010ರಲ್ಲಿ ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ ದೇಹವಿಡುವವರೆಗೂ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದ ಊರು. ಭೀಮಸೇನ ಜೋಶಿಯವರು ಬಾಲ್ಯ ಕಳೆದ ಊರು. ಇಂಥ ಊರಿನಲ್ಲಿ ಹುಟ್ಟಿದವನು, ತಾನು ಒಂದು ಸ್ವರವನ್ನೂ ಹಿಡಿಯಲಾರದವನಾದರೂ, ಇನ್ನೊಬ್ಬರ ಅಪಸ್ವರವನ್ನು ಹಿಡಿಯುವ ಹಕ್ಕು ತನಗೆ ಹುಟ್ಟಿನಿಂದಲೇ ಬಂದಿದೆಯೆಂದು ತಿಳಿದಿರುತ್ತಾನೆ.

ನಾನೂ ಹಳೆಯ ಸಂಗೀತವನ್ನು ಮೆಚ್ಚುವವನೇ. ಸಂಜೆ ಒಂದು ತಾಸು ಮನ್ಸೂರರನ್ನೋ ಬಸವರಾಜ ರಾಜಗುರುಗಳನ್ನೋ ಕೇಳದಿದ್ದರೆ ನನಗೆ ಊಟ ರುಚಿಸುವುದಿಲ್ಲ. ಆದರೆ ಇತ್ತೀಚೆಗೆ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ಹಳೆಯದು ಹೆಚ್ಚೋ ಹೊಸದು ಹೆಚ್ಚೋ ಎಂಬುದಲ್ಲ ಅದು. ಹಳೆಯದರ ಮೇಲೆ ನಮಗಿದೆಯೆಂದು ನಾವು ಹೇಳಿಕೊಳ್ಳುವ ಈ ಪ್ರೀತಿ ನಿಜವಾಗಿ ಪ್ರೀತಿಯೇ? ಪ್ರೀತಿ ಎಂಬುದಕ್ಕೆ ಸಾಕ್ಷಿ ಏನು?

ಹಳತು-ಹೊಸತುಗಳ ಜಗಳಕ್ಕೆ ವಯಸ್ಸಾಗಿದೆ. 'ಮಾಲವಿಕಾಗ್ನಿಮಿತ್ರ'ದ ಆರಂಭದಲ್ಲಿಯೇ, ಭಾಸ ಸೌಮಿಲ್ಲರಂಥ ಹೆಸರಾದ ಕವಿಗಳಿರುವಾಗ ಈಗಿನ ಕಾಳಿದಾಸನ ನಾಟಕ ಏತಕ್ಕೆ ಎಂಬ ಮಾತು ಬರುತ್ತದೆ. ಸೂತ್ರಧಾರ ಕೊಡುವ ಉತ್ತರ ನಮ್ಮ ಕಾಲದ ಶಾಲೆಯ ಹುಡುಗರಿಗೆಲ್ಲ ಬಾಯಿಪಾಠವಾಗಿತ್ತು. ವಿನೋದವೇನೆಂದರೆ, ಹೊಸಬನಾಗಿ ಅಂಜುತ್ತ ನಿಂತಿದ್ದ ಆ ಕಾಳಿದಾಸನನ್ನೇ ಇಂದು ಹೊಸಬರನ್ನು ಬಡಿಯುವ ಕೋಲನ್ನಾಗಿ ನಾವು ಬಳಸುತ್ತೇವೆ. ಅಂತೂ ಸೂತ್ರಧಾರ ಹೇಳಿದ್ದು ಗುಣದ ಮಾತು. ಅಂದಿನ ನಾಟಕದ ಖರ್ಚನ್ನು ಯಾರು ಕೊಟ್ಟರು, ನಟರು ರಾತ್ರಿ ಏನು ಉಂಡರು ಎಂಬುದನ್ನು ಅವನು ಹೇಳಲಿಲ್ಲ. ನನ್ನ ಪ್ರಶ್ನೆ ಆ ಕಡೆಯದು.

ಬೆಂಗಳೂರಿನಲ್ಲಿ ನನ್ನ ಅಕ್ಕನ ಮಗನೊಬ್ಬನಿದ್ದಾನೆ. ಇಂಜಿನಿಯರನು, ಐವತ್ತೈದು ದಾಟಿದೆ. ಅವನಿಗೆ ಇಂಗ್ಲಿಷ್ ರಾಕ್ ಸಂಗೀತದ ಹುಚ್ಚು. ಪಿಂಕ್ ಫ್ಲಾಯ್ಡ್, ಲೆಡ್ ಝೆಪೆಲಿನ್ ಎಂದು ಏನೇನೋ ಹೆಸರು ಹೇಳುತ್ತಾನೆ. 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ತಂಡದವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಸುರಿಯುವ ಮಳೆಯಲ್ಲಿ ಕೊನೆಯವರೆಗೂ ನಿಂತಿದ್ದನಂತೆ. ಹೋದ ದೀಪಾವಳಿಗೆ ನಮ್ಮಲ್ಲಿಗೆ ಬಂದವನು, ತನ್ನ ಮಗಳ ಫೋನಿನಿಂದ ಬರುತ್ತಿದ್ದ ಹಾಡನ್ನು ಕೇಳಿ, "ಮಾಮಾ, ಇದಕ್ಕ ಹಾಡು ಅಂತಾರೇನ್ರೀ? ಎಪ್ಪತ್ತೊಂಬತ್ತಕ್ಕ ಸಂಗೀತ ಮುಗೀತು ನೋಡ್ರಿ" ಎಂದು ತಲೆಯಾಡಿಸಿದ. ನನಗೆ ನಗು ತಡೆಯಲಾಗಲಿಲ್ಲ. ಅದೇ ಮಾತನ್ನು, ಅದೇ ತಲೆಯಾಟದೊಂದಿಗೆ, ಅವನ ಅಜ್ಜ ಅವನು ಹುಡುಗನಿದ್ದಾಗ ಅವನ ಕ್ಯಾಸೆಟ್ಟುಗಳ ಬಗ್ಗೆ ಆಡಿದ್ದನ್ನು ಈ ಕಿವಿಯಿಂದಲೇ ಕೇಳಿದ್ದೇನೆ. ಇಸವಿ ಮಾತ್ರ ಬೇರೆ. ಮುದುಕನ ಲೆಕ್ಕದಲ್ಲಿ ಸಂಗೀತವು ಬಾಲಗಂಧರ್ವರೊಂದಿಗೇ ಮುಗಿದಿತ್ತು.

ನಗುವಿನ ಮಾತು ಇರಲಿ. ನಮ್ಮದೆಂದು, ಅನಾದಿಯೆಂದು ನಾವು ಎದೆ ತಟ್ಟಿಕೊಳ್ಳುವ ಈ ಹಿಂದೂಸ್ತಾನಿ ಗಾಯನವೇ ನಮ್ಮ ಸೀಮೆಗೆ ಎಷ್ಟು ಹಳೆಯದು? ಪಂಪ ಹೊಗಳಿದ ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಕುಮಾರವ್ಯಾಸ ಭಾರತ ಬರೆದದ್ದು ಗದುಗಿನ ವೀರನಾರಾಯಣನ ಗುಡಿಯಲ್ಲಿ. ಅವರ ಕಿವಿಗೆ ಬಿದ್ದ ಸಂಗೀತ ಯಾವುದೋ, ಖಯಾಲು ಠುಮ್ರಿಗಳಂತೂ ಆಗಿರಲಿಲ್ಲ. ಅವು ಬಡಗಣಿಂದ ಬಂದ ಅತಿಥಿಗಳು. ಸ್ವಾತಂತ್ರ್ಯ ಬರುವವರೆಗೆ ಲಕ್ಷ್ಮೇಶ್ವರವು ಮಿರಜದ ಪಟವರ್ಧನರ ಆಳ್ವಿಕೆಯಲ್ಲಿತ್ತು, ಶಿರಹಟ್ಟಿಯು ಸಾಂಗಲಿಯ ಪಟವರ್ಧನರಿಗೆ ಸೇರಿತ್ತು. ಆ ಮಿರಜದಲ್ಲಿಯೇ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮನೆ ಮಾಡಿದ್ದರು. ಇಂದಿಗೂ ಒಳ್ಳೆಯ ತಂಬೂರಿ ಬೇಕೆಂದರೆ ಮಿರಜಕ್ಕೇ ಹೋಗಬೇಕು. ಮೈಸೂರಿನ ಅರಮನೆಗೆ ಹೋಗುತ್ತ ಬರುತ್ತ ಖಾನ್‌ಸಾಹೇಬರು ಧಾರವಾಡದಲ್ಲಿ ಇಳಿಯುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾದರು. ಮುಂದೆ ನಾಟಕದ ರಂಗದ ಮೇಲೆ ಹಾಡಿ ಸವಾಯಿ ಗಂಧರ್ವರೆನಿಸಿದರು. ಒಂದು ಸಂಸ್ಥಾನ, ಒಂದು ರೇಲ್ವೆ ಹಳಿ, ಒಂದು ನಾಟಕ ಕಂಪನಿ ಇಷ್ಟು ಕೂಡಿ ತಂದ ಸಂಗೀತ ಇದು. ಪಂಚಾಕ್ಷರಿ ಗವಾಯಿಗಳು ಕೂಡ ಕರ್ನಾಟಕ ಪದ್ಧತಿಯನ್ನು ಮೊದಲು ಕಲಿತು, ಆಮೇಲೆ ಹಿಂದೂಸ್ತಾನಿಯನ್ನು ಕಲಿತರು. 'ಉಭಯಗಾನ ವಿಶಾರದ' ಎಂಬ ಅವರ ಬಿರುದಿನಲ್ಲಿಯೇ ಆ ಕಥೆ ಅಡಗಿದೆ.

ಇನ್ನು ಗ್ರಾಮಫೋನಿನ ಮಾತು. ಭೀಮಸೇನ ಜೋಶಿಯವರು ಮನೆ ಬಿಟ್ಟು ಓಡಿದ್ದು 1933ರಲ್ಲಿ, ಹನ್ನೊಂದು ವರ್ಷದವರಿದ್ದಾಗ. ಅವರನ್ನು ಓಡಿಸಿದ್ದು ಗುರುವಿನ ಮಾತಲ್ಲ, ದೇವರ ಕನಸಲ್ಲ. ಅಂಗಡಿಯೊಂದರಲ್ಲಿ ತಿರುಗುತ್ತಿದ್ದ ಅರಗಿನ ತಟ್ಟೆ, ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿ. ಮೂರು ನಿಮಿಷದ ತಟ್ಟೆ! ಗಂಟೆಗಟ್ಟಲೆ ಬೆಳೆಯಬೇಕಾದ ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸಿ ಅಂಗಡಿಯಲ್ಲಿ ಮಾರುತ್ತಾರಲ್ಲ ಎಂದು ಅಂದಿನ ದೊಡ್ಡವರು ಕೊರಗಿದ್ದರೆ ಆ ಕೊರಗು ಅನ್ಯಾಯದ್ದೇನೂ ಆಗುತ್ತಿರಲಿಲ್ಲ. ಆದರೆ ಆ ತುಂಡು ಸಂಗೀತವೇ ಒಬ್ಬ ಹುಡುಗನನ್ನು ಟಿಕೇಟಿಲ್ಲದೆ ರೈಲು ಹತ್ತಿಸಿ, ಗ್ವಾಲಿಯರ ಜಾಲಂಧರಗಳವರೆಗೆ ಅಲೆಸಿ, ತಿರುಗಿ ಮನೆಗೆ ತಂದು, ಗದುಗಿನಿಂದ ಅಷ್ಟೇನೂ ದೂರವಿಲ್ಲದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯ ನೀರು ಹೊರಿಸಿತು. ಹಾರ್ಮೋನಿಯಂ ಕಥೆಯೂ ಇಂಥದೇ. ಅದು ವಿದೇಶಿ ವಾದ್ಯ, ಅದರಲ್ಲಿ ಮೀಂಡು ಬಾರದು ಎಂದು 1940ರಲ್ಲಿ ರೇಡಿಯೋದವರು ಅದನ್ನು ಹೊರಗೆ ಹಾಕಿದರು. ಮೂವತ್ತು ವರ್ಷ ಅದು ಹೊರಗೇ ಇತ್ತು. ಇಂದು ಕೀಬೋರ್ಡನ್ನು ಬೈಯುವ ನಮ್ಮ ಹಿರಿಯರು ಅದೇ ಪೇಟಿಯನ್ನು ಭಾರತೀಯತೆಯ ಗುರುತೆಂದು ತೋರಿಸುತ್ತಾರೆ.

ಹಾಗಾದರೆ ಕೆಟ್ಟದ್ದೇನೂ ಇಲ್ಲವೆ? ಇದೆ. ನಾನು ಸಮಾಧಾನದ ಮಾತು ಆಡಲು ಕುಳಿತವನಲ್ಲ. ಹಳೆಯ ನಾಟಕಗಳಲ್ಲಿ ಪೇಟಿ ಮಾಸ್ತರನು ನಟನ ಮುಖವನ್ನೇ ನೋಡುತ್ತ ಕೂತಿರುತ್ತಿದ್ದ. ನಟ ಉಸಿರು ಎಳೆದರೆ ಇವನು ತಡೆಯುತ್ತಿದ್ದ. ಜನ 'ಒನ್ಸ್ ಮೋರ್' ಎಂದರೆ ಇಬ್ಬರೂ ಕೂಡಿ ಮತ್ತೆ ಮೇಲೆ ಹೋಗುತ್ತಿದ್ದರು. ಈಗ ಜಾತ್ರೆಯ ವೇದಿಕೆಯ ಮೇಲೆ 'ಟ್ರ್ಯಾಕ್' ಹಾಕುತ್ತಾರೆ. ಟ್ರ್ಯಾಕ್ ಯಾರಿಗಾಗಿಯೂ ಕಾಯುವುದಿಲ್ಲ. ಹಾಡುವವನಿಗೆ ಕೆಮ್ಮು ಬಂದರೆ ಹಾಡು ಅವನನ್ನು ಬಿಟ್ಟು ಮುಂದೆ ಹೋಗುತ್ತದೆ. ಮನುಷ್ಯನು ಯಂತ್ರದ ಬೆನ್ನು ಹತ್ತಿ ಓಡುವ ಈ ನೋಟ ನನಗೆ ಹಿಡಿಸುವುದಿಲ್ಲ. ಸ್ವರ ತಪ್ಪಿದರೆ ತಿದ್ದುವ ಯಂತ್ರ ಬಂದಮೇಲೆ ಸ್ವರ ಕಲಿಯುವುದೇ ಒಂದು ದಡ್ಡತನವೆಂಬಂತಾಗಿದೆ. ಗಣಪತಿಯನ್ನು ಕಳಿಸುವ ದಿನ ಡಿ.ಜೆ. ಗಾಡಿಯ ಸದ್ದಿಗೆ ನಮ್ಮ ಓಣಿಯ ಕಿಟಕಿಯ ಗಾಜುಗಳು ತಾಳ ಹಾಕುತ್ತವೆ. ಹಾಸಿಗೆ ಹಿಡಿದ ಮುದುಕರು ಎದೆ ಹಿಡಿದುಕೊಳ್ಳುತ್ತಾರೆ. ಇವನ್ನೆಲ್ಲ ಕಾಲಧರ್ಮವೆಂದು ಒಪ್ಪಬೇಕೆಂದು ನನಗೆ ಅನ್ನಿಸಿಲ್ಲ.

ಆದರೂ, ಬೈದು ಒಂದು ಹಾಡನ್ನು ಯಾರಾದರೂ ನಿಲ್ಲಿಸಿದ್ದುಂಟೆ? ಬೈಗಳಿಗಿಂತ ದೊಡ್ಡ ಅಸ್ತ್ರವನ್ನೇ ಒಬ್ಬರು ಪ್ರಯೋಗಿಸಿ ನೋಡಿದರು. 1952ರಲ್ಲಿ ಕೇಂದ್ರದ ಪ್ರಸಾರ ಮಂತ್ರಿಗಳಾದ ಬಿ.ವಿ. ಕೇಸ್ಕರರು ಶಾಸ್ತ್ರೀಯ ಸಂಗೀತವನ್ನು ನಿಜವಾಗಿ ಬಲ್ಲವರು, ಪ್ರೀತಿಸಿದವರು. ಸಿನಿಮಾ ಹಾಡು ಜನರ ಅಭಿರುಚಿಯನ್ನು ಕೆಡಿಸುತ್ತದೆಂದು ಆಕಾಶವಾಣಿಯಿಂದ ಅದನ್ನು ಹೆಚ್ಚುಕಡಿಮೆ ಹೊರದೂಡಿದರು. ಏನಾಯಿತು? ದೇಶದ ಜನ ರೇಡಿಯೋದ ಕಿವಿ ಹಿಂಡಿ ಸಿಲೋನಿಗೆ ತಿರುಗಿಸಿದರು. ನಮ್ಮ ಊರಿನ ಚಹದ ಅಂಗಡಿಗಳೂ ಬುಧವಾರ ರಾತ್ರಿ ಬಿನಾಕಾ ಗೀತಮಾಲೆಗೆ ತುಂಬಿ ತುಳುಕಿದವು. ಐದು ವರ್ಷ ಕಳೆದು 1957ರಲ್ಲಿ ಸರಕಾರವೇ ವಿವಿಧ ಭಾರತಿಯನ್ನು ತೆರೆದು ಸೋಲೊಪ್ಪಿತು. ಕೇಸ್ಕರರ ಹೆಸರು ತೆಗೆದಾಗ ಜನ ಇದನ್ನೊಂದೇ ನೆನೆದು ನಗುತ್ತಾರೆ. ಆದರೆ ಅದೇ 1952ರಲ್ಲಿ, ಅದೇ ಮನುಷ್ಯರ ಕಾಲದಲ್ಲಿ, ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವೂ ಆರಂಭವಾಯಿತು. ಸಂಸ್ಥಾನಗಳು ಮುಳುಗಿ ಆಸರೆ ತಪ್ಪಿದ ಗವಾಯಿಗಳಿಗೆ, ಸಾರಂಗಿಯವರಿಗೆ, ತಬಲೆಯವರಿಗೆ ಆಕಾಶವಾಣಿ ಸಂಬಳ ಕೊಟ್ಟಿತು. 1950ರಲ್ಲಿ ತೆರೆದ ಧಾರವಾಡ ನಿಲಯದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ನಾವು ಇಂದು ಕೇಳಿ ಕಣ್ಣು ಮುಚ್ಚುವ ಎಷ್ಟೋ ಹಳೆಯ ಧ್ವನಿಮುದ್ರಿಕೆಗಳು ಆ ದುಡ್ಡಿನಿಂದ ಉಳಿದವು. ಒಬ್ಬನೇ ಮನುಷ್ಯ ಒಂದನ್ನು ನಿಷೇಧಿಸಿದ, ಇನ್ನೊಂದಕ್ಕೆ ಹಣ ಕೊಟ್ಟ. ನಿಷೇಧಿಸಿದ್ದು ಸಾಯಲಿಲ್ಲ, ಹಣ ಕೊಟ್ಟದ್ದು ಬದುಕಿತು.

ಈ ಸರಳ ಲೆಕ್ಕವನ್ನು ನಾವು ಮನೆಯ ಮಟ್ಟಿಗೆ ತಂದುಕೊಳ್ಳಲು ಒಪ್ಪುವುದಿಲ್ಲ. ಬೆಟಗೇರಿಯ ನೇಕಾರರನ್ನು ಕೇಳಿ. ಕೈಮಗ್ಗದ ಸೀರೆಯ ಅಂಚನ್ನು ಬೆರಳಿನಲ್ಲಿ ಸವರಿ, "ಆಹಾ, ಹಿಂದಿನವರ ಕೈ ನೋಡ್ರಿ" ಎಂದು ಹೊಗಳಿದವರೇ ಮುಂದಿನ ಅಂಗಡಿಗೆ ಹೋಗಿ ಪವರ್‌ಲೂಮಿನ ಸೀರೆಯನ್ನು ಕಟ್ಟಿಸಿಕೊಂಡು ಹೋಗುತ್ತಾರೆ. ನೇಕಾರನಿಗೆ ಹೊಗಳಿಕೆಯ ಮೇಲೆ ಸಾಲ ಹುಟ್ಟುವುದಿಲ್ಲ.

ಹೋದ ವರ್ಷ ಮುಂಡರಗಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಹೆಣ್ಣಿನ ಮನೆಯವರು ಅನುಕೂಲಸ್ಥರು, ಮೇಲಾಗಿ ಸಂಗೀತದ ಅಭಿಮಾನಿಗಳೆಂದು ಹೆಸರಾದವರು. ಅವರ ಪಡಸಾಲೆಯಲ್ಲಿ ಇಬ್ಬರೂ ಗವಾಯಿಗಳ ಪಟಗಳಿಗೆ ನಿತ್ಯ ಹೂವೇರುತ್ತದೆ. ಅಕ್ಕಿಕಾಳಿಗೆ ಮುಂಚೆ ಒಬ್ಬ ತರುಣ ಹಾಡಿದ. ಹುಟ್ಟುಗುರುಡ, ಗದುಗಿನಲ್ಲಿ ಕಲಿತವನು. ಬೆಳಗಿನ ಹೊತ್ತು ತೋಡಿಯನ್ನು ಬಹಳ ಸೊಗಸಾಗಿ ಎತ್ತಿಕೊಂಡ. ಕಾಲು ತಾಸು ಆಗಿರಲಿಲ್ಲ, ಯಾರೋ ಬಂದು ಕಿವಿಯಲ್ಲಿ ಹೇಳಿದರು. ಅವನು ಅರ್ಧಕ್ಕೆ ನಿಲ್ಲಿಸಿದ. ವರನ ಮೆರವಣಿಗೆ ಬಂದಿತ್ತು, ಅದರೊಂದಿಗೆ ಡಿ.ಜೆ. ಗಾಡಿ ಬಂದಿತ್ತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಯಜಮಾನರು ಕೂತು, ಈಗಿನ ಹುಡುಗರಿಗೆ ಸಂಗೀತದ ಗಂಧವಿಲ್ಲದ್ದರ ಬಗ್ಗೆ ಬಹಳ ಹೊತ್ತು ವ್ಯಥೆಪಟ್ಟರು. ಡಿ.ಜೆ.ಗೆ ಅವರು ಕೊಟ್ಟದ್ದು ಮೂವತ್ತು ಸಾವಿರ. ಹಾಡಿದವನಿಗೂ ಅವನ ತಬಲೆಯವನಿಗೂ ಕೂಡಿ ಒಂದು ಸಾವಿರದ ಒಂದು, ಒಂದೊಂದು ಶಾಲು, ಒಂದೊಂದು ತೆಂಗಿನಕಾಯಿ. ಡಿ.ಜೆ.ಯವನೊಂದಿಗೆ ಕರಾರು ಆಗಿತ್ತು, ಮುಂಗಡ ಹೋಗಿತ್ತು, ಇವನದು 'ಸೇವೆ'.

ಬಸ್ ನಿಲ್ದಾಣದಲ್ಲಿ ಆ ತರುಣ ಸಿಕ್ಕ. ಹಾಡು ಅರ್ಧಕ್ಕೆ ನಿಂತದ್ದಕ್ಕೆ ನಾನು ಮರುಕ ತೋರಿಸಿದೆ, ಈಗಿನ ಸಂಗೀತದ ಬಗ್ಗೆ ನಾಲ್ಕು ಮಾತು ಆಡಿದೆ. ಅವನು ಸಮಾಧಾನದಿಂದ ಕೇಳಿ ಹೇಳಿದ: "ಅಜ್ಜಾರ, ಹಾಡು ಹಳೇದರ ಇರಲಿ, ಹೊಸಾದರ ಇರಲಿ, ಹೊಟ್ಟಿ ಇವತ್ತಿಂದ ಐತ್ರಿ. ನಾನೂ ರಾತ್ರಿ ಆರ್ಕೆಸ್ಟ್ರಾದಾಗ ಕೀಬೋರ್ಡ್ ಬಾರಸ್ತೀನ್ರಿ. ಮುಂಜಾನೆ ತೋಡಿ ಹಾಡಾಕ ಆ ರೊಕ್ಕನ ಬೇಕಲ್ರಿ." ಅವನ ದನಿಯಲ್ಲಿ ದೂರು ಇರಲಿಲ್ಲ. ನಾವು ತೂ ಎನ್ನುವ ಸಂಗೀತ ನಾವು ಪೂಜಿಸುವ ಸಂಗೀತಕ್ಕೆ ಅನ್ನ ಹಾಕುತ್ತಿತ್ತು, ಅಷ್ಟೆ. ಪಟಕ್ಕೆ ಹೂವೇರಿಸುವವರು ಹಾಕುತ್ತಿರಲಿಲ್ಲ.

ನಿಂತು ನೋಡಿದರೆ ಇದು ಹೊಸ ಸಂಗತಿಯೂ ಅಲ್ಲ. ವೀರೇಶ್ವರ ಪುಣ್ಯಾಶ್ರಮ ಹೇಗೆ ನಡೆಯಿತು? ಅದು ಗದುಗಿನಲ್ಲಿ ನೆಲೆನಿಲ್ಲುವ ಮೊದಲು ಊರೂರು ತಿರುಗುವ ಶಾಲೆಯಾಗಿತ್ತು. ಕಣ್ಣಿಲ್ಲದ ಗುರು, ಕಣ್ಣಿಲ್ಲದ, ಕಣ್ಣಿದ್ದ ಬಡ ಹುಡುಗರು. ಅವರಿಗೆ ಅನ್ನ, ಅರಿವೆ, ವಿದ್ಯೆ ಎಲ್ಲ ಉಚಿತ. ಉಚಿತವೆಂದರೆ ಬಿಟ್ಟಿಯೇ? ಅನ್ನ ಯಾರದೋ ಹೊಲದಲ್ಲಿ ಬೆಳೆದದ್ದೇ. ಹಳ್ಳಿಯ ರೈತ ಜೋಳ ಅಳೆದುಕೊಟ್ಟ. ಊರಿನ ದಾನಿಗಳು ಜಾಗ ಕೊಟ್ಟರು. ಅದೂ ಸಾಲದಾದಾಗ ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿ ಕಟ್ಟಿದರು. ಅವರು 1944ರಲ್ಲಿ ತೀರಿಕೊಂಡ ಮೇಲೆ ಪುಟ್ಟರಾಜರೂ ನಾಟಕ ಬರೆದು, ಆಡಿಸಿ, ಟಿಕೇಟು ಹಚ್ಚಿ ಆ ಮನೆಯನ್ನು ನಡೆಸಿದರು. ವಿರಕ್ತರು ಥೇಟರಿನ ಬಾಗಿಲಲ್ಲಿ ಟಿಕೇಟು ಮಾರಿಸುವುದೆಂದರೆ ಅಂದಿನ ಮಡಿವಂತ ರಸಿಕರಿಗೆ ಎಷ್ಟು ಮುಜುಗರವಾಗಿತ್ತೋ! ಮುಪ್ಪಿನಲ್ಲಿ ಊರೂರಿಗೆ ಹೋಗಿ ತುಲಾಭಾರದ ತಕ್ಕಡಿಯಲ್ಲಿ ಕೂತರು. ಬಂದದ್ದೆಲ್ಲ ಮಕ್ಕಳ ಅನ್ನಕ್ಕೆ ಹೋಯಿತು. ಆ ಅನ್ನ ಉಂಡು ಬೆಳೆದವರಲ್ಲಿ ವೆಂಕಟೇಶಕುಮಾರರೂ ಒಬ್ಬರು. ಸುಮಾರು ಹನ್ನೆರಡು ವರ್ಷ ಅಲ್ಲಿಯೇ ಇದ್ದು ಕಲಿತರು. ಇಂದು ದೇಶದ ಯಾವ ಸಭೆಯಲ್ಲಿ ಅವರು ಹಾಡಿದರೂ ನಾವು 'ನಮ್ಮ ಗದುಗಿನವರು' ಎನ್ನುತ್ತೇವೆ. ಗವಾಯಿಗಳ ಕಥೆ ನಮ್ಮ ಹೊಸ ತಲೆಮಾರಿಗೆ ತಿಳಿದದ್ದಾದರೂ ಸಿನಿಮಾದಿಂದ. 1995ರ ಆ ಚಿತ್ರಕ್ಕೆ ಸಂಗೀತ ಕೊಟ್ಟವರು ಹಂಸಲೇಖ. ಅದರಲ್ಲಿ ಹಿಂದೂಸ್ತಾನಿ ಚೀಜೊಂದನ್ನು ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು, ಯಾವ ಘರಾಣೆಯಲ್ಲಿಯೂ ಕಲಿಯದ ಎಸ್.ಪಿ. ಬಾಲಸುಬ್ರಹ್ಮಣ್ಯಂ.

ಪ್ರೀತಿಯೆಂದರೆ ಹಣವೇ ಎಂದು ಯಾರಾದರೂ ನನ್ನ ಮೇಲೆ ಬೀಳಬಹುದು. ಹಾಗಲ್ಲ. ಶಿರಹಟ್ಟಿಯ ಫಕೀರೇಶ್ವರನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬಂದು, ಬೆಳ್ಳಿ ಮೂಡುವವರೆಗೆ ಕಂಬಳಿ ಹೊದ್ದು ಕೂತು ಕೇಳಿ, ಮರುದಿನ ನಿದ್ದೆಗಣ್ಣಿನಲ್ಲಿಯೇ ಕುಂಟೆ ಹೊಡೆದ ರೈತ ರೊಕ್ಕ ಕೊಟ್ಟಿರಲಿಕ್ಕಿಲ್ಲ. ಒಂದು ರಾತ್ರಿಯನ್ನು ಕೊಟ್ಟ. ಅವನೂ ಕೊಟ್ಟವನೇ. ನನಗೆ ಅರ್ಥವಾಗದ್ದು ರೊಕ್ಕವನ್ನೂ ಕೊಡದೆ, ರಾತ್ರಿಯನ್ನೂ ಕೊಡದೆ, ಮಗನನ್ನು ಕಲಿಯಲೂ ಕಳಿಸದೆ, ಬರೀ ಕೊರಗನ್ನು ಕೊಡುವವರ ಪ್ರೀತಿ. ನನ್ನ ಅಕ್ಕನ ಮಗ ಅಷ್ಟರಮಟ್ಟಿಗೆ ಇವರಿಗಿಂತ ಮೇಲು. ಮಳೆಯಲ್ಲಿ ನಿಲ್ಲಲು ಅವನು ದುಡ್ಡು ಕೊಟ್ಟಿದ್ದ.

ಈ ಮಾತನ್ನು ನಮ್ಮ ಗೆಳೆಯರ ಕೂಟದಲ್ಲಿ ಈಚೆಗೆ ಎತ್ತಿದೆ. ವರ್ಷಕ್ಕೆ ಮೂರೋ ನಾಲ್ಕೋ ಬೈಠಕ್ಕು ನಡೆಸುತ್ತೇವೆ. 'ಎಲ್ಲರಿಗೂ ಉಚಿತ ಪ್ರವೇಶ' ಎಂದು ಕರೆಯೋಲೆಯಲ್ಲಿ ಅಚ್ಚು ಹಾಕಿಸುತ್ತೇವೆ. ಬಂದವರು ಚಹ ಕುಡಿದು, ವಿಲಂಬಿತ ಮುಗಿಯುವ ಮುನ್ನ ಗಡಿಯಾರ ನೋಡುತ್ತಾರೆ. ಇನ್ನುಮುಂದೆ ನೂರು ರೂಪಾಯಿ ಟಿಕೇಟು ಇಡೋಣ, ಬಂದದ್ದನ್ನೆಲ್ಲ ಹಾಡುವವರಿಗೆ ಕೊಡೋಣ, ವಿದ್ಯಾರ್ಥಿಗಳನ್ನೂ ಇಲ್ಲದವರನ್ನೂ ಸುಮ್ಮನೆ ಒಳಗೆ ಬಿಡೋಣ ಎಂದೆ. ಕೂಡಲೆ ಗದ್ದಲವೆದ್ದಿತು. ವಿದ್ಯೆಯನ್ನು ಮಾರಬಾರದು ಎಂದರು ಒಬ್ಬರು. ಅವರು ಪೆನ್ಶನ್ ಪಡೆಯುವ ಕಾಲೇಜು ಪ್ರಾಧ್ಯಾಪಕರು. ಗವಾಯಿಗಳ ಊರಿನಲ್ಲಿ ಇದು ಶೋಭಿಸುವುದಿಲ್ಲ ಎಂದರು ಮತ್ತೊಬ್ಬರು. ಗವಾಯಿಗಳ ನಾಟಕದ ಟಿಕೇಟಿನ ಸಂಗತಿ ಹೇಳಿದೆ. ಅದು ಬೇರೆ ಎಂದರು.

ಕೊನೆಗೆ ನಮ್ಮಲ್ಲಿ ಹಿರಿಯರಾದ ಹತ್ತಿ ವ್ಯಾಪಾರದ ಮಿತ್ರರು ಗಂಟಲು ಸರಿಮಾಡಿಕೊಂಡರು. "ಮಾಸ್ತರ, ನೀವು ಹೇಳೂದು ಖರೇ ಐತಿ. ಆದ್ರ ಈಗ ಪುಕ್ಕಟೆ ಅಂತ ಐವತ್ತು ಮಂದಿ ಬರ್ತಾರ. ನೂರು ರೂಪಾಯಿ ಅಂದ್ರ ಹತ್ತು ಮಂದೀನೂ ಬರಾಂಗಿಲ್ಲ. ಆವಾಗ ಏನ್ ಮಾಡ್ತೀರಿ?"

ಹತ್ತು ಮಂದಿ ಬರಲಿ, ನಾವು ಎಷ್ಟು ಮಂದಿ ಇದ್ದೇವೆಂಬುದಾದರೂ ತಿಳಿಯಲಿ ಎಂದೆ. ಅವರು ಉತ್ತರ ಕೊಡದೆ ಎಲೆಯಡಿಕೆಯ ಚಂಚಿಯನ್ನು ಬಿಚ್ಚಿದರು. ಮುಂದಿನ ಬೈಠಕ್ಕು ಶ್ರಾವಣದಲ್ಲಿ ಆಗಬೇಕು. ಕರೆಯೋಲೆ ಇನ್ನೂ ಅಚ್ಚಿಗೆ ಹೋಗಿಲ್ಲ.